ಹೋಲ್ಡಾನ್ ಮಾವನ ಕೋಳಿಮರಿಗಳು
ಪಕ್ಕದ ಮನೆಯ ಮಾವನಿಗೆ ನಮ್ಮ ಬೀದಿ ಇಟ್ಟ ಹೆಸರು ಹೋಲ್ಡಾನ್. ಬಸ್ ನಿಲ್ಲಿಸಲು "ಹೋಲ್ಡಾನ್" ಎಂದು ಕೂಗುತ್ತಾ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಮನೆಗೆ ಯಾರು ಬಂದರೂ "ಒಳಗೆ ನಡೀರಿ, ಒಳಗೆ ನಡೀರಿ" ಅನ್ನುವ ಚಾಳಿ ಮಾತ್ರ ಹೋಗಿರಲಿಲ್ಲ. ಬಸ್ಸು ತುಂಬಿತು ಎಂಬ ಮಾತನ್ನು ಅವರು ಜನ್ಮದಲ್ಲಿ ಒಪ್ಪಿದವರಲ್ಲ.

ಕೋಳಿಗಳು ಅವರ ಹೆಂಡತಿ, ನಮ್ಮ ಅತ್ತೆಯವು. ಅವುಗಳಲ್ಲಿ ಕಾಲೆಳೆದು ನಡೆಯುವ ಮರಿಯೊಂದಿತ್ತು, ಹೆಸರು ಕುಂಟಿ. "ಕುಂಟೋಕೆ ನಾನೊಬ್ಬಳು, ಇವಳೊಬ್ಬಳು" ಎಂದು ಅತ್ತೆ ಅದನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು. ಮಂಡಿ ಆಪರೇಷನ್‌ಗೆ ಹೊರಟಾಗ ಆಟೋ ಹತ್ತಿದ ಮೇಲೂ ಅದೇ ಧ್ಯಾನ.

"ನೋಡ್ರೀ, ಸೆಕೆ ಜಾಸ್ತಿ ಆದ್ರೆ ಮರಿಗಳ ಕಾವಿಗೆ ಹಾಕಿರೋ ಬಲ್ಬ್ ಆರಿಸಿ. ಮರಿಗಳನ್ನ ಎರಡು ಗೂಡಿಗೆ ಹಂಚಿ. ಕುಂಟಿ ಜೋಪಾನ."

"ಊರ ಜನಾನೆಲ್ಲ ಸಾಗ್ಸಿದೀನಿ, ಇವೇನು ಮಹಾ!"

ಅತ್ತೆ ವಾಪಸು ಬರುವ ದಿನವೇ ಮೋಡ ಕವಿದು ಗಾಳಿ ನಿಂತಿತು. ಹಗ್ಗದ ಮೇಲಿನ ಬಟ್ಟೆ ಒಣಗದು, ಮೈಯ ಬೆವರು ಆರದು. ಮಾವನೋ, ಹೆಂಡತಿಗೆ ತೋರಿಸಲೆಂದು ಒಂದು ಗೂಡನ್ನು ತೊಳೆದು ಖಾಲಿ ಬಿಟ್ಟು, ಮರಿಗಳನ್ನೆಲ್ಲ ಇನ್ನೊಂದರಲ್ಲಿ ತುರುಕಿದ್ದರು.

"ಮಾವ, ತುಂಬಾ ಇಕ್ಕಟ್ಟಾಯ್ತು" ಎಂದೆ.

"ನಿಂಗೇನೇ ಗೊತ್ತು? ಇನ್ನೂ ಜಾಗ ಇದೆ."

ಈ ಮೊಂಡು ಮನುಷ್ಯನ ಮುಂದೆ ಗಂಟಲು ಹರಿದುಕೊಂಡರೂ ಅಷ್ಟೇ. ನಾಲ್ಕು ಹನಿ ಬಿದ್ದದ್ದೇ ತಡ, ಬಸ್ಸಿನ ಶಟರ್ ಎಳೆದ ಹಾಗೆ ಗೂಡಿನ ಸುತ್ತ ಟಾರ್ಪಾಲನ್ನೂ ಇಳಿಸಿ ಮಲಗಿಬಿಟ್ಟರು.

ಮಧ್ಯಾಹ್ನ ಅವರ ಕೂಗಿಗೆ ಓಡಿಹೋದೆ. ಒಳಗೆ ಬಲ್ಬ್ ಉರಿಯುತ್ತಲೇ ಇತ್ತು. ಮರಿಗಳು ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುತ್ತಿದ್ದವು. ಟಾರ್ಪಾಲು ಕಿತ್ತೆವು, ಬಲ್ಬ್ ಆರಿಸಿದೆವು, ಅರ್ಧ ಮರಿಗಳನ್ನು ಖಾಲಿ ಗೂಡಿಗೆ ಬಿಟ್ಟೆವು. ಒಂದೊಂದರ ಕೊಕ್ಕನ್ನೂ ಮಾವ ತಣ್ಣೀರಿಗೆ ಮುಟ್ಟಿಸಿದರು. ನಿಧಾನವಾಗಿ ಒಂದೊಂದೇ ಚೇತರಿಸಿಕೊಂಡವು. ಕುಂಟಿ ಮಾತ್ರ ಮೂಲೆಯಲ್ಲಿ ಉಳಿದ ಮರಿಗಳ ಅಡಿ ಸಿಕ್ಕಿತ್ತು. ಅಂಗೈಯಲ್ಲಿಟ್ಟು ಎಷ್ಟು ಹೊತ್ತು ಗಾಳಿ ಬೀಸಿದರೂ ಕತ್ತೆತ್ತಲಿಲ್ಲ. ಆ ದೊಡ್ಡ ಬಾಯಿಯ ಮನುಷ್ಯ ಆಮೇಲೂ ಬೀಸುತ್ತಲೇ ಇದ್ದದ್ದು ನೋಡಿ ನನ್ನ ಕೋಪವೆಲ್ಲ ಇಳಿದುಹೋಯಿತು.

ಸಂಜೆ ಅತ್ತೆ ವಾಕರ್ ಹಿಡಿದು ನೇರ ಗೂಡಿನ ಹತ್ತಿರವೇ ಬಂದರು. ಎರಡೂ ಗೂಡು ನೋಡಿದರು.

"ಕುಂಟಿ ಎಲ್ರೀ?"

"ದಾರೀಲೇ ಇಳ್ಕೊಂಡ್ಳು ಕಣೇ." ಮಾವ ಗೂಡಿನ ಮೂಲೆಗೆ ಕೈ ತೋರಿಸಿದರು. "ಜಾಗ ಇದೆ, ಜಾಗ ಇದೆ ಅಂತ ನಾನೇ..."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ಕುಸಿದರು. ಮಾವ ಅಪರಾಧಿಯ ಹಾಗೆ ನಿಂತೇ ಇದ್ದರು. ಅತ್ತೆ ನೋಯುವ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಸರಿದರು.

"ಬನ್ನಿ, ಕೂತ್ಕೊಳ್ಳಿ. ಇಲ್ಲಿ ಜಾಗ ಇದೆ."