ಮೂರು ದಿನದ ನೀರು

ಮಸ್ಕಿಗೆ ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ನೋಡಿ ಓಣಿಯ ಹೆಂಗಸರೆಲ್ಲ ಬಾಯಿ ಮೇಲೆ ಕೈಯಿಟ್ಟು ನಿಂತರು. ನಾನೇನೂ ಯಾರನ್ನೂ ಬೈದಿರಲಿಲ್ಲ. ಬಾಗಿಲಲ್ಲಿದ್ದ ಎರಡು ಗಡಿಗೆ ನೀರನ್ನು ಅಂಗಳಕ್ಕೆ ಚೆಲ್ಲಿದ್ದೆ, ಅಷ್ಟೇ. ಕಾವೇರಿ ದಂಡೆಯ ನಮ್ಮೂರಿನಲ್ಲಿ ಬೆಳಗಾದರೆ ಹಳೆಯ ನೀರು ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬದ ಹೆಂಗಸು ಹೆಂಗಸೇ ಅಲ್ಲ. ಚೆಲ್ಲುವುದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ನೀರನ್ನು ನಮಗಾಗಿ ಹಿಂದಿನ ದಿನವೇ ತಂದಿಟ್ಟವಳು ಪಕ್ಕದ ಮನೆಯ ದುರುಗವ್ವ, ಕುರಿ ಕಾಯುವವರ ಹೆಣ್ಣುಮಗಳು.

"ಯವ್ವಾ, ಇದೇನ ಮಾಡಿದಿ ತಂಗೀ? ಅಷ್ಟೂ ತಿಳಿನೀರ ಚೆಲ್ಲಿ ಕುಂತೆಲ್ಲ!" ಎಂದಳು ಆಕೆ. ಸಿಟ್ಟಿನಿಂದಲ್ಲ, ಸಂಕಟದಿಂದ.

ನಮ್ಮ ಮನೆಯವರು ಇಂಜಿನ್ ಕೆಲಸ ಬಲ್ಲವರು. ಇಲ್ಲಿನ ಹತ್ತಿ ಗಿರಣಿಗೆ ಮೇಸ್ತ್ರಿ ಬೇಕೆಂದು ಕರೆ ಬಂದದ್ದರಿಂದ ಮೈಸೂರು ಸೀಮೆ ಬಿಟ್ಟು ನಿಜಾಮರ ಸೀಮೆಗೆ ಬಂದೆವು. ರಾಯಚೂರಿನವರೆಗೆ ರೈಲು, ಆಮೇಲೆ ಎತ್ತಿನ ಬಂಡಿ, ಕಂಕುಳಲ್ಲಿ ಒಂದೂವರೆ ವರ್ಷದ ಮಗಳು ಸಾವಿತ್ರಿ. ಕಚೇರಿಯ ಹಲಗೆಗಳೆಲ್ಲ ಉರ್ದು. ಮಾತು ಕನ್ನಡವೇ, ಆದರೆ ನನ್ನ ಕನ್ನಡಕ್ಕೆ ಇವರು ನಗುತ್ತಿದ್ದರು, ಇವರ ಕನ್ನಡಕ್ಕೆ ನಾನು ಬೆಪ್ಪಾಗುತ್ತಿದ್ದೆ.

ಮನೆವಾರ್ತೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ಇಲ್ಲಿನ ಬಾವಿಗಳದು ಸವಳು ನೀರು, ಅಂದರೆ ಉಪ್ಪುಪ್ಪಾದ ನೀರು. ಊರಿನಿಂದ ತಂದ ಸೋಪು ಅದರಲ್ಲಿ ನೊರೆಯೇ ಬಿಡದೆ ಬಟ್ಟೆಗೆ ಜಿಡ್ಡಾಗಿ ಅಂಟಿತು. ಬೇಳೆ ಹೊತ್ತು ಮುಳುಗಿದರೂ ಬೇಯಲಿಲ್ಲ. ಇಲ್ಲಿಯವರು ಬಟ್ಟೆಗೆ ಅಂಟುವಾಳದ ಕಾಯಿ ಉಜ್ಜುತ್ತಾರೆ, ಜೋಳಕ್ಕೆ ಹುಳ ಬೀಳದಂತೆ ಒಣಗಿದ ಬೇವಿನ ಸೊಪ್ಪು ಬೆರೆಸುತ್ತಾರೆ. ಅದನ್ನೆಲ್ಲ ಮರುಮಾತಿಲ್ಲದೆ ಕಲಿತೆ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ನನ್ನ ಹಟ ನನ್ನದೇ. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿದರೆ ಗುಂಡಿಯಲ್ಲಿ ನೀರು ಜಿನುಗುತ್ತದೆ. ಅದಕ್ಕೆ ವರ್ತಿ ಎನ್ನುತ್ತಾರೆ. ಮಡಿಯುಟ್ಟು ಹೋಗಿ, ತೆಂಗಿನ ಚಿಪ್ಪಿನಿಂದ ಮೊಗೆದು ನಾನೇ ತರುತ್ತಿದ್ದೆ. ಉಳಿದದ್ದನ್ನು ಪ್ರತಿ ಬೆಳಿಗ್ಗೆ ಚೆಲ್ಲುತ್ತಿದ್ದೆ. ದುರುಗವ್ವ ಹೇಳಿ ಹೇಳಿ ಸಾಕಾಗಿ ಸುಮ್ಮನಾದಳು.

ಮಳೆ ಬಿತ್ತು. ಹಳ್ಳ ಕೆಂಪಗೆ ತುಂಬಿ ವರ್ತಿಗಳು ಮುಚ್ಚಿಹೋದವು. ನಮ್ಮಲ್ಲಿ ನದಿಗೆ ಹೊಸ ನೀರು ಬಂದರೆ ಅರಿಸಿನ ಕುಂಕುಮ ಹಾಕಿ ಕೈ ಮುಗಿಯುತ್ತೇವೆ. ಇಲ್ಲಿಯೂ ಕೈ ಮುಗಿದು, ಬಟ್ಟೆಯಲ್ಲಿ ಸೋಸಿ, ಅಂದಿನ ನೀರನ್ನು ಅಂದೇ ಮಗುವಿಗೆ ಕುಡಿಸಿದೆ. ಬುದ್ಧಿ ಎಲ್ಲಿಗೆ ಹೋಗಿತ್ತೋ! ಸಾವಿತ್ರಿಗೆ ಭೇದಿ ಹಿಡಿಯಿತು. ಎರಡೇ ದಿನಕ್ಕೆ ಕಣ್ಣು ಗುಳಿ ಬಿದ್ದು, ಅಳುವುದಕ್ಕೂ ತ್ರಾಣ ಉಳಿಯಲಿಲ್ಲ. ದವಾಖಾನೆ ಇದ್ದದ್ದು ಲಿಂಗಸುಗೂರಿನಲ್ಲಿ. ದಾರಿಯ ಹಳ್ಳಗಳೆಲ್ಲ ತುಂಬಿವೆ, ಎತ್ತು ಇಳಿಸುವುದಿಲ್ಲ ಎಂದರು ಬಂಡಿಯವರು. ನಮ್ಮ ಮನೆಯವರು ಇನ್ನೊಂದು ಬಂಡಿಗಾಗಿ ಓಣಿ ಓಣಿ ಅಲೆಯುತ್ತಿದ್ದರು. ಮಗು ನಮ್ಮ ಕೈ ಬಿಟ್ಟು ಹೋಗುತ್ತದೆ ಎಂದೇ ನಾನು ತಿಳಿದೆ.

ದುರುಗವ್ವ ಹೊಸ್ತಿಲ ಹೊರಗೆ ಬಂದು ನಿಂತಳು. "ಕೂಸಿಗೆ ಯಾವ ನೀರ ಕುಡಸಾಕತ್ತೀ?"

"ಇವತ್ತೇ ತಂದದ್ದು, ಹೊಸ ನೀರು."

"ಅಯ್ಯ ನನ್ನವ್ವ! ಇವತ್ತಿನ ನೀರ ಇವತ್ತ ಯಾರರ ಕುಡೀತಾರೇನ? ಎಲ್ಲೆಲ್ಲಿಂದನೋ ನಡಕೊಂತ ಬಂದು ದಣದಿರತಾವ. ಅವನ್ನ ಎರಡ ದಿನ ಕುಂದರಸಬೇಕು." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಒಳಗ ಬರಲೇನು?"

ನಮ್ಮ ಮನೆತನದ ಅಡುಗೆಮನೆಗೆ ಹೊರಗಿನವರು ಕಾಲಿಟ್ಟದ್ದನ್ನು ನಾನು ಕಂಡವಳೇ ಅಲ್ಲ. ಮಗುವಿನ ಮುಖ ನೋಡಿದೆ.

"ಬಾರವ್ವ, ಬೇಗ ಬಾ" ಎಂದೆ.

ಆಕೆ ತನ್ನ ಮನೆಯಿಂದ ಮೊನ್ನೆಯ ಗಡಿಗೆ ಹೊತ್ತು ತಂದಳು. ತಳದ ರಾಡಿ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ, ನನ್ನ ಒಲೆಯ ಮೇಲೆ ಕುದಿಸಿ, ಜೋಳದ ಹಿಟ್ಟು ಕದಡಿ, ಉಪ್ಪು ಹಾಕಿ ತೆಳ್ಳಗೆ ಗಂಜಿ ಮಾಡಿದಳು. ಮಗುವನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಕಕ್ಕಿದರೆ ಒರೆಸಿ ಮತ್ತೆ ಕುಡಿಸಿದಳು. ನಡುನಡುವೆ ನನ್ನ ಗಡಿಗೆಯೊಳಗೆ ಮೊಣಕೈತನಕ ಕೈಯಿಟ್ಟು, ರಾಡಿಯನ್ನು ತಳಕ್ಕೆ ಇಳಿಸುವ ಚಿಲ್ಲದ ಬೀಜವನ್ನು ಒಳಮೈಗೆ ತೇಯ್ದಳು. ನಾಲ್ಕನೆಯ ದಿನ ಸಾವಿತ್ರಿ ರಾಗ ತೆಗೆದು ಅತ್ತಳು. ಆ ಅಳು ಕೇಳಿ ನಾನೂ ಅತ್ತೆ.

ಅಂದಿನಿಂದ ನನ್ನ ಅಡುಗೆಮನೆಯಲ್ಲಿ ಮೂರು ಗಡಿಗೆ ಸಾಲಾಗಿ ನಿಂತವು: ಇವತ್ತಿನದು, ನಿನ್ನೆಯದು, ಮೊನ್ನೆಯದು. ದುರುಗವ್ವ ಹೊತ್ತು ಹೊತ್ತಿಗೆ ಒಳಗೆ ಬಂದು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಈ ಸೀಮೆಯಲ್ಲಿ ನನಗೆ ಒಂದು ತವರಿದ್ದಂತಾಯಿತು.

ಚಳಿಗಾಲದಲ್ಲಿ ಮೊಮ್ಮಗಳನ್ನು ನೋಡಲು ಅತ್ತೆಯವರು ಬಂದರು. ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಲ್ಲಿಗೆ ಯಾರು ಯಾರು ಬರ್ತಾರೆ?" ಎಂದು ಕೇಳಿದರು. ದುರುಗವ್ವ ಆಗತಾನೇ ಅಂಗಳಕ್ಕೆ ಬಂದಿದ್ದಳು.

"ಯಾರೂ ಬರೋಲ್ಲ ಅತ್ತೆ" ಎಂದೆ.

ಅತ್ತೆಯವರು ಹೊರಗೆ ನಿಂತವಳ ಕಡೆ ನೋಡಿದರು. ದುರುಗವ್ವ ಸೆರಗು ಸರಿಮಾಡಿಕೊಂಡಳು. "ಹೌದ್ರೀ ಅಮ್ಮಾ, ನಾವು ಹೊಸ್ತಿಲ ದಾಟಂಗಿಲ್ಲರೀ" ಎಂದಳು.

ಅತ್ತೆಯವರು ಊರಿಗೆ ಮರಳಿ ಎಷ್ಟೋ ದಿನಗಳಾದವು. ದುರುಗವ್ವ ಈಗಲೂ ಬರುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ, ಹೊರಗೇ ನಿಲ್ಲುತ್ತಾಳೆ. ತಪ್ಪಾಯಿತೆಂದು ಅವಳ ಕೈ ಹಿಡಿದು ಒಳಗೆ ಕರೆದೆ. "ಬ್ಯಾಡ ತಂಗಿ. ಹಿರೇರ ಮುಂದ ಯಾರೂ ಬರಂಗಿಲ್ಲ ಅಂದಿ. ನಾ ಒಳಗ ಬಂದ್ರ ಆ ಮಾತು ಸುಳ್ಳಾಗತೈತಿ, ನಿನಗ ಪಾಪ ಹತ್ತತೈತಿ" ಎಂದಳು. ಅವಳಿಗೆ ನೋವಾಗಿದೆ. ಆದರೂ ನನ್ನ ಪಾಪದ ಚಿಂತೆ ಅವಳಿಗೆ.

ಅದಕ್ಕೇ, ಆಡಿದ್ದು ಸುಳ್ಳೆಂದು ನಾನೇ ಒಪ್ಪಿಕೊಂಡು, ಇದನ್ನೆಲ್ಲ ಪತ್ರಿಕೆಗೆ ಬರೆದು ಕಳಿಸುತ್ತಿದ್ದೇನೆ. ನಮ್ಮೂರಿನಲ್ಲಿ ಯಾರಾದರೂ ಅತ್ತೆಯವರಿಗೆ ಓದಿ ಹೇಳಿ. ಆಮೇಲೆ ಅಲ್ಲಿನ ಅಡುಗೆಮನೆಗೆ ನನ್ನನ್ನು ಸೇರಿಸುವರೋ ಇಲ್ಲವೋ ಕಾಣೆ. ಇಲ್ಲಿ, ನನ್ನ ಅಡುಗೆಮನೆಗೆ ದುರುಗವ್ವ ಬರುವಳೋ ಇಲ್ಲವೋ, ಅದನ್ನೂ ಕಾಣೆ.