ಲೇಹ್‌ಗೆ ಹೊರಟ ತವರುಮನೆ

ಮೊನ್ನೆ ಭಾನುವಾರ ಗೇಟಿನಿಂದ ಸೆಕ್ಯುರಿಟಿಯವರು ಫೋನ್ ಮಾಡಿ, "ಮೇಡಂ, ಪಾರ್ಸಲ್ ಬಂದಿದೆ, ಏನೋ ಘಮ್ ಅಂತಿದೆ" ಎಂದಾಗಲೇ ಗೊತ್ತಾಯಿತು, ಲೇಹ್‌ನಿಂದ ಏಪ್ರಿಕಾಟ್ ಬಂದಿದೆ ಎಂದು. ವರ್ಷಕ್ಕೊಮ್ಮೆ ಬರುತ್ತದೆ. ಬಿಳಿ ಬಟ್ಟೆಯ ಚೀಲದ ಬಾಯಿ ಹೊಲಿದು, ಅದರ ಮೇಲೆ ಬೇಗೂರಿನ ನಮ್ಮ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಹೊಲಿಗೆ ಬಿಚ್ಚಿದರೆ ಒಣಗಿದ ಹಣ್ಣಿನ ಹುಳಿಸಿಹಿ ವಾಸನೆಯ ಜೊತೆ ಒಲೆಯ ಹೊಗೆಯ ವಾಸನೆಯೂ ಬರುತ್ತದೆ. ಮನೆಯವರೆಲ್ಲ ಸಂಭ್ರಮದಿಂದ ಕೈ ಹಾಕುತ್ತಾರೆ. ನನಗೆ ಮಾತ್ರ ಮೂರು ವರ್ಷದಿಂದ ಆ ವಾಸನೆಗೆ ಏನೋ ಚುಚ್ಚಿದಂತಾಗುತ್ತಿತ್ತು. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ, ನೀವು ಹೊಂದಿಕೊಳ್ಳಬೇಕು.

ನಮ್ಮ ಅತ್ತೆ ದಾವಣಗೆರೆ ಕಡೆಯವರು. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರಿಗೆ ದೀಕ್ಷೆಯಾಯಿತಂತೆ. ಅಂದಿನಿಂದ ದಿನವೂ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ ಮೇಲೇ ಬಾಯಿಗೆ ಹನಿ ನೀರು. ಜ್ವರ ಬಂದರೂ ಅಷ್ಟೇ, ಮದುವೆಮನೆಯಲ್ಲಿ ನೂರು ಜನ ಬಚ್ಚಲಿಗೆ ಸಾಲು ನಿಂತಿದ್ದರೂ ಅಷ್ಟೇ. ಒಮ್ಮೆ ನಮ್ಮ ಅಪಾರ್ಟ್‌ಮೆಂಟಿಗೆ ಎರಡು ದಿನ ಟ್ಯಾಂಕರ್ ಬರಲಿಲ್ಲ. ಅತ್ತೆ ಕುಡಿಯುವ ನೀರಿನ ಕ್ಯಾನನ್ನೇ ಬಚ್ಚಲಿಗೆ ಒಯ್ದರು. ನಾವು ಆ ದಿನ ಎಳನೀರು ಕುಡಿದು ಬದುಕಿದೆವು.

ಇಂಥವರ ಮಗಳು ಲೀಲಾ ಮಾರತ್ತಹಳ್ಳಿಯ ಪಿಜಿಯಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದಾಗ, ತನ್ನ ಆಫೀಸಿನವನೇ ಆದ ನೋರ್ಬು ಎಂಬ ಲಡಾಖಿ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಆಮೇಲೆ ಇಬ್ಬರೂ ಅವನ ಊರಿಗೇ ಹೋಗಿ ಅತಿಥಿಗಳಿಗೆಂದು ನಾಲ್ಕು ಕೋಣೆ ಕಟ್ಟಿಕೊಂಡರು. ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ. ಮಗಳ ಹೆಸರು ಹೇಳುವುದನ್ನು ನಿಲ್ಲಿಸಿದರು, ಅಷ್ಟೇ. ಎರಡು ವರ್ಷ ನಮ್ಮ ಮನೆಯಲ್ಲಿ ಲೀಲಾ ಬರೀ "ಆಕಿ" ಆಗಿದ್ದಳು. ನಾನು ಕದ್ದು ಫೋನ್ ಮಾಡುತ್ತಿದ್ದೆ. ಅತ್ತೆ ಆಗ ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದರು. ಕೇಳಿಸಿಕೊಳ್ಳಲೋ, ನನಗೆ ತೊಂದರೆಯಾಗದಿರಲೆಂದೋ, ನಾನು ಕೇಳಿದವಳಲ್ಲ.

ಲೀಲಾ ಬಸುರಿಯಾದಾಗ ಅಲ್ಲಿನ ಡಾಕ್ಟರು ಪ್ರಯಾಣ ಬೇಡವೆಂದರು. ಚೊಚ್ಚಲ ಬಾಣಂತನಕ್ಕೆ ಹೆಣ್ಣುಮಗಳು ತವರಿಗೆ ಬರುವುದು ಪದ್ಧತಿ. ಬರಲಾಗದಿದ್ದರೆ? ಹೆರಿಗೆಯಾದ ಸುದ್ದಿಯನ್ನು ನಾನು ಅಡುಗೆಮನೆಯಲ್ಲಿ ನಿಂತು ಗೋಡೆಗೆ ಹೇಳುವವಳ ಹಾಗೆ ಹೇಳಿದೆ. ಗಂಡುಮಗು ಎಂದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಆ ರೊಟ್ಟಿ ಮುಗಿಸಿ ಹಂಚಿಗೆ ಹಾಕಿ, "ಅಂಟು, ಕೊಬ್ಬರಿ ತರಿಸು" ಎಂದರು.

"ಯಾಕತ್ತೆ?"

"ಯಾಕಂದ್ರೆ? ಬಾಣಂತನಕ್ಕೆ ಹೆತ್ತಾಕಿ ಹೋಗ್ದೆ ಇನ್ಯಾರು ಹೋಗ್ತಾರವ್ವಾ?"

ಹೀಗೆ ತವರುಮನೆಯೇ ಗಂಟುಮೂಟೆ ಕಟ್ಟಿಕೊಂಡು ಲೇಹ್‌ಗೆ ಹೊರಟಿತು. ಅಂಟು, ಉತ್ತತ್ತಿ, ಬಾಣಂತಿ ಖಾರ, ಜೋಳದ ಹಿಟ್ಟು, ಮಗುವಿಗೆ ಹೊಗೆ ಹಾಕಲು ಲೋಬಾನ. ನಮ್ಮ ಯಜಮಾನರಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಆಡಿಟ್ ಇತ್ತು, ರಜೆಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ನನ್ನ ಆಫೀಸಿನಲ್ಲಿ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎನ್ನುತ್ತಾರಲ್ಲ, ಆ ಮಾತನ್ನು ಹಿಡಿದುಕೊಂಡು ನಾನು ಜೊತೆಗೆ ಹೊರಟೆ. ಬೇಗೂರಿನಿಂದ ಹೆಬ್ಬಾಳ ದಾಟಿ ಏರ್‌ಪೋರ್ಟ್ ಮುಟ್ಟುವುದಕ್ಕೆ ಮೂರು ಗಂಟೆ ಹಿಡಿಯಿತು. ಮಾರನೆಯ ಬೆಳಿಗ್ಗೆ ದೆಹಲಿಯಿಂದ ಹಿಮಾಲಯ ದಾಟಿ ಲೇಹ್ ಮುಟ್ಟುವುದಕ್ಕೆ ಒಂದೂವರೆ ಗಂಟೆಯೂ ಬೇಕಾಗಲಿಲ್ಲ. ಕಿಟಕಿಯಿಂದ ಹಿಮದ ಬೆಟ್ಟಗಳನ್ನು ನೋಡಿ ಅತ್ತೆ, "ಯಾರೋ ಮಂಡಕ್ಕಿ ಸುರುವಿದಂಗೆ ಐತಿ" ಎಂದರು. ದಾವಣಗೆರೆಯವರಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು!

ವಿಮಾನ ಇಳಿಯುವ ಮೊದಲು ಗಗನಸಖಿ ಸಾವಧಾನವಾಗಿ ಹೇಳಿದಳು: ಇದು ತುಂಬ ಎತ್ತರದ ಜಾಗ, ಗಾಳಿ ತೆಳು, ಎರಡು ದಿನ ಮಲಗಿಯೇ ಇರಿ, ನೀರು ಕುಡಿಯುತ್ತಿರಿ. ನನ್ನ ಫೋನಿನಲ್ಲೂ ಓದಿದ್ದೆ, ಮೊದಲ ದಿನ ಸ್ನಾನ ಬೇಡ ಎಂದು. ಅತ್ತೆಯದ್ದು ಬೆಳಗಿನ ಪೂಜೆ ಇನ್ನೂ ಆಗಿರಲಿಲ್ಲ. ಹಾಗಾಗಿ ಹಿಂದಿನ ರಾತ್ರಿಯಿಂದ ಗಂಟಲಿಗೆ ನೀರೂ ಇಳಿದಿರಲಿಲ್ಲ. ಇಳಿದ ಮೇಲೆ ಚೀಲ ತೆಗೆದರೆ ಖಾರದ ಪೊಟ್ಟಣಗಳೆಲ್ಲ ಉಬ್ಬಿಕೊಂಡು ಚೆಂಡಿನಂತಾಗಿದ್ದವು. "ಗಾಳಿ ಇಲ್ಲ ಅಂತೀರಿ, ಇದ್ರೊಳಗೆ ಎಲ್ಲಿಂದ ಬಂತು?" ಎಂದು ಅತ್ತೆ ನನ್ನನ್ನೇ ಕೇಳಿದರು. ಗಾಳಿ ಇಲ್ಲದಲ್ಲಿ ಗಾಳಿ ಉಬ್ಬುವುದನ್ನು ವಿವರಿಸುವಷ್ಟು ವಿಜ್ಞಾನ ನನಗೂ ಬರುತ್ತಿರಲಿಲ್ಲ.

ಮನೆಯ ಬಾಗಿಲಲ್ಲಿ ಲೀಲಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಹಿಂದೆ ಅವಳ ಅತ್ತೆ. ಅವರನ್ನು ಎಲ್ಲರೂ ಅಮಾಲೇ ಎನ್ನುತ್ತಾರೆ, ಅಮ್ಮಾವರೇ ಎಂದ ಹಾಗೆ. ಲೀಲಾ ಒಂದು ಹೆಜ್ಜೆ ಮುಂದೆ ಬಂದು ಮಗುವನ್ನು ಚಾಚಿದಳು. ನಮ್ಮತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಮುಟ್ಟಬ್ಯಾಡ. ಹಾದಿ ಧೂಳು ಐತಿ ಮೈಮ್ಯಾಲೆ. ಮೊದ್ಲು ಸ್ನಾನ ಆಗ್ಲಿ."

ಈ ಮಾತನ್ನು ಅವರು ಹೇಳಿದ್ದು ನನ್ನ ಕಡೆ ತಿರುಗಿ. ಪ್ರಯಾಣದಿಂದ ಬಂದವರು ಸ್ನಾನ ಮಾಡದೆ ಹಸಿ ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟಬಾರದು, ನಿಜ. ಆದರೆ ಲೀಲಾಳ ಮುಖ ನೋಡಿದೆ. ತಾಯಿಗೆ ತಾನೂ ಬೇಡ, ತನ್ನ ಮಗುವೂ ಬೇಡ ಎಂದೇ ಅವಳಿಗೆ ಅನಿಸಿತ್ತು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ನೋರ್ಬು ಮಾರತ್ತಹಳ್ಳಿಯಲ್ಲಿ ಕಲಿತ ಕನ್ನಡದಲ್ಲಿ ಕೈಮುಗಿದು ಬೇಡಿಕೊಂಡ. "ಆಂಟಿ, ಇವತ್ತು ಸ್ನಾನ ಬೇಡ ಆಂಟಿ. ಸಕ್ಕತ್ ಡೇಂಜರ್. ಸುಮ್ನೆ ರೆಸ್ಟ್ ಮಾಡ್ಬಿಡಿ." ಅತ್ತೆ ನನ್ನನ್ನು ನೋಡಿದರು. ಹದಿನಾಲ್ಕು ವರ್ಷದಿಂದ ಆ ನೋಟಕ್ಕೆ ಎದುರಾಡಿ ಅಭ್ಯಾಸವಿಲ್ಲದ ನಾನು ಬಕೆಟ್ ತುಂಬಿಸಿಕೊಟ್ಟೆ. ಆಫೀಸಿನಲ್ಲಿ ನನ್ನ ಕೆಲಸ ಏನೆಂದು ಕೇಳಬೇಡಿ. ಎಲ್ಲೆಲ್ಲಿ ಅಪಾಯ ಆಗಬಹುದು ಎಂದು ಮೊದಲೇ ಪಟ್ಟಿ ಮಾಡಿ ಕೊಡುವುದು. ನೀರು ಅರೆಬಿಸಿ ಕೂಡ ಇರಲಿಲ್ಲ. ಬಾಗಿಲ ಹೊರಗೆ ನಿಂತಿದ್ದೆ. ಚೆಂಬಿನ ಮೇಲೆ ಚೆಂಬು ಸುರಿದುಕೊಳ್ಳುವ ಸದ್ದು ಮುಗಿಯಲೇ ಇಲ್ಲ. ಸಾಕತ್ತೆ ಎಂದು ಬಾಗಿಲು ತಟ್ಟಬೇಕು ಅನ್ನಿಸಿತು, ತಟ್ಟಲಿಲ್ಲ.

ಆಮೇಲೆ ಪೂಜೆಗೆ ಕುಳಿತರು. ಅಮಾಲೇ ತಾವೇ ಬಂದು ಒಂದು ಕಂಬಳಿ ಮಡಿಸಿ ಹಾಸಿಕೊಟ್ಟು, ಸ್ವಲ್ಪ ದೂರದಲ್ಲಿ ತಮ್ಮ ಜಪಮಣಿ ಹಿಡಿದು ಕುಳಿತರು. ವಿಭೂತಿ ಹಚ್ಚಿ, ಪತ್ರೆ ಏರಿಸುವಷ್ಟರಲ್ಲಿ ಅತ್ತೆಯ ತುಟಿ ನೀಲಿಯಾಗಿದ್ದು ಮೊದಲು ಕಂಡದ್ದು ಅಮಾಲೇಗೆ. ಅತ್ತೆ ಪಕ್ಕಕ್ಕೆ ವಾಲಿದರು. ನಾನು ಕೂಗುತ್ತಾ ತಲೆ ಹಿಡಿದುಕೊಂಡೆ. ಅಮಾಲೇ ತಲೆ ಹಿಡಿಯಲಿಲ್ಲ. ಜಾರುತ್ತಿದ್ದ ಎಡಗೈಯನ್ನು ಹಿಡಿದು, ಲಿಂಗ ನೆಲಕ್ಕೆ ಬೀಳದ ಹಾಗೆ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮೇಲೆ ತಮ್ಮ ಎರಡೂ ಕೈ ಮುಚ್ಚಿದರು. ಅದೇನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೋಗುವವರೆಗೂ, ಅತ್ತೆಯ ಮೂಗಿಗೆ ಆಕ್ಸಿಜನ್ ಹಾಕಿದ ಮೇಲೂ ಆ ಕೈ ಬಿಡಲಿಲ್ಲ. ಅತ್ತೆ ಕಣ್ಣು ಬಿಟ್ಟು ಮೊದಲು ನೋಡಿದ್ದು ತಮ್ಮ ಅಂಗೈ. ಆಮೇಲೆ ಆ ಸುಕ್ಕುಗಟ್ಟಿದ ಮುಖ. ಬೆಳಗಿನಿಂದ ನನ್ನ ಕೈಯಿಂದ ಒಂದು ಗುಟುಕು ನೀರು ಕುಡಿಯದಿದ್ದವರು, ಅಮಾಲೇ ಹಿಡಿದ ಬಟ್ಟಲಿನಿಂದ ಬೆಳ್ಳುಳ್ಳಿ ಸಾರು ಪೂರ್ತಿ ಕುಡಿದರು.

ಡಾಕ್ಟರು ಮುಖ ಗಂಟಿಕ್ಕಿ ಹೇಳಿದರು: ಸಂಜೆಯೊಳಗೆ ಉಸಿರು ಸರಿಹೋಗದಿದ್ದರೆ ನಾಳೆಯ ಮೊದಲ ವಿಮಾನಕ್ಕೆ ಕೆಳಗೆ ಕರೆದುಕೊಂಡು ಹೋಗಿ, ಮತ್ತೆ ಈ ಊರಿಗೆ ಕರೆತರಬೇಡಿ. ಮಗಳೊಡನೆ ಒಂದು ಮಾತಾಡದೆ, ಮೊಮ್ಮಗನನ್ನು ಮುಟ್ಟದೆ ಈ ಹೆಂಗಸು ವಾಪಸು ಹೋದರೆ ಆ ಮೌನ ಇನ್ನು ಜನ್ಮಕ್ಕೂ ಒಡೆಯುವುದಿಲ್ಲ. ಅದಕ್ಕೆ ಕಾರಣ ನಾನು. ಹೊರಗಿನ ಬೆಂಚಿನ ಮೇಲೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಧ್ಯಾಹ್ನ ಲೀಲಾ ಬಂದಳು. ಹನ್ನೆರಡು ದಿನದ ಬಾಣಂತಿ, ಮಗುವನ್ನು ಉಣ್ಣೆ ಶಾಲಿನಲ್ಲಿ ಸುತ್ತಿಕೊಂಡು, ನೋರ್ಬುವಿನ ತೋಳು ಹಿಡಿದು. ವಾರ್ಡಿನ ಬಾಗಿಲಲ್ಲೇ ನಿಂತಳು, ಒಳಗೆ ಬರಲು ಧೈರ್ಯ ಸಾಲದೆ. ಅತ್ತೆ ದಿಂಬಿನಿಂದ ತಲೆ ಎತ್ತಿದರು. ಮೂಗಿನ ಮೇಲಿದ್ದ ಆಕ್ಸಿಜನ್ ಕೊಳವೆಯನ್ನು ಸರಿಸಿದರು.

"ಲೀಲಾ! ಬುದ್ಧಿ ಐತೇನೆ ನಿನಗೆ? ಹಸಿ ಬಾಣಂತಿ, ಕಿವಿಗೆ ಹತ್ತಿ ಇಲ್ಲ, ತಲಿಗೆ ಬಟ್ಟೆ ಇಲ್ಲ, ಈ ಥಂಡ್ಯಾಗ ಹೊರಗ ಬಂದೀಯಲ್ಲ! ಕೂಸಿಗೆ ಶೀತ ಆದ್ರೆ? ಕೊಡಿಲ್ಲಿ ಅದನ್ನ!"

ಎರಡು ವರ್ಷದ ಮೇಲೆ ಮಗಳ ಹೆಸರು ಬಾಯಿಗೆ ಬಂದದ್ದು ಬೈಗುಳದ ಜೊತೆ. ಲೀಲಾ ಅಳುತ್ತಾ ನಗುತ್ತಾ ಬಂದು ಮಗುವನ್ನು ಆ ಆಸ್ಪತ್ರೆಯ ಹಾಸಿಗೆಯ ಮೇಲೆ ಇಟ್ಟಳು. ಸಂಜೆಗೆ ಅತ್ತೆಯ ಉಸಿರು ತಹಬಂದಿಗೆ ಬಂತು. ಔಷಧಿಯಿಂದ ಬಂತು ಎಂದು ಡಾಕ್ಟರು ತಿಳಿದುಕೊಂಡರು, ಅವರಿಗೆ ಹಾಗೇ ಇರಲಿ. ಅತ್ತೆ ಅಲ್ಲಿ ಎರಡು ತಿಂಗಳು ನಿಂತು ಬಾಣಂತನ ಮುಗಿಸಿಯೇ ಬಂದರು.

ಎಲ್ಲ ಸುಖವಾಗಿಯೇ ಮುಗಿಯಿತಲ್ಲ, ಇನ್ನೇನು ಚುಚ್ಚುವುದು ಎಂದು ನೀವು ಕೇಳಬಹುದು. ಗೊತ್ತಿದ್ದೂ ನೀರು ತುಂಬಿಸಿಕೊಟ್ಟೆನಲ್ಲ, ಅದು. ಮೊನ್ನೆ ನಾನೂ ಅತ್ತೆಯೂ ಕೂತು ಏಪ್ರಿಕಾಟಿನ ಬೀಜ ಬಿಡಿಸುತ್ತಿದ್ದೆವು. ಯಾಕೋ ತಡೆಯಲಾಗದೆ ಹೇಳಿಬಿಟ್ಟೆ.

"ಅತ್ತೆ, ಅವತ್ತು ಸ್ನಾನ ಮಾಡಬಾರದು ಅಂತ ನಂಗೆ ಗೊತ್ತಿತ್ತು. ಓದಿದ್ದೆ. ಆದ್ರೂ ನಿಮ್ಮನ್ನ ತಡೀಲಿಲ್ಲ."

ಅತ್ತೆ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನನಗೂ ಗೊತ್ತಿತ್ತು ಬಿಡವ್ವಾ. ಆ ಹುಡುಗ ಅಷ್ಟು ಕೈಮುಗಿದು ಹೇಳ್ತಿದ್ದ, ನನಗೇನು ಕಿವಿ ಕೇಳ್ಸಲ್ಲಾ? ಶಿವನೂ ಒಂದಿನ ತಡ್ಕಂತಿದ್ದ."

"ಮತ್ತೆ?"

"ಆಕಿ ಬಾಗಿಲಾಗ ನಿಂತಿದ್ಲಲ್ಲ, ಎಷ್ಟು ಸೊರಗಿದ್ಲು. ಎರಡು ವರ್ಷ ಹೆಂಗೆ ಮಾತು ಬಿಟ್ಟೆ ಅನ್ನಿಸ್ತು. ಅಳು ಬಂತು. ಬೀಗರ ಮನೆಯಾಗ, ಬಂದ ಗಳಿಗೇನಾಗೆ ಎಲ್ಲಿ ಕೂತು ಅಳಲಿ? ಬಚ್ಚಲಾಗ ಸದ್ದು ಕೇಳ್ಸಬಾರ್ದು ಅಂತ ನೀರು ಸುರಕಂತಲೇ ಇದ್ದೆ."

ಬಾಗಿಲ ಹೊರಗೆ ನಿಂತಿದ್ದ ನನಗೆ ಕೇಳಿಸಿದ್ದು ನೀರಿನ ಸದ್ದು ಮಾತ್ರ. ಅದನ್ನು ಅವರಿಗೆ ಹೇಳಿದೆ.

"ಹೌದಲ್ಲ?" ಎಂದರು ಅತ್ತೆ, ಸಮಾಧಾನದಿಂದ. "ಯಾರಿಗೂ ಕೇಳ್ಸಿಲ್ಲ."