ಎಡಗಡೆ ಯಾರೂ ಇರಲಿಲ್ಲ

ಗೋಲ್‌ಕೀಪರನ ಕೈಗೆ ಬರುವ ಮೊದಲು ಚೆಂಡು ಹತ್ತು ಜನರನ್ನು ದಾಟಿ ಬಂದಿರುತ್ತದೆ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಬಲೆ ಅಲುಗಾಡಿದ ಕೂಡಲೇ ಊರೆಲ್ಲ ಬೈಯುವುದು ಹನ್ನೊಂದನೆಯವನನ್ನೇ. ಉಳಿದ ಹತ್ತು ಜನ ಸೊಂಟದ ಮೇಲೆ ಕೈಯಿಟ್ಟುಕೊಂಡು, ತಾವೂ ಟಿಕೆಟ್ ತೆಗೆದು ಆಟ ನೋಡಲು ಬಂದವರ ಹಾಗೆ, ಅವನ ಮುಖ ನೋಡುತ್ತ ನಿಲ್ಲುತ್ತಾರೆ.

ಎಂಬತ್ತೆಂಟರಲ್ಲಿ, ಗೋವಾದ ಫೋಂಡಾ ಊರಿನ ಒಂದು ಕಾಲೇಜಿನಲ್ಲಿ, ಆ ಹನ್ನೊಂದನೆಯವನು ಕಂಠೆಪ್ಪ. ಕಾಲೇಜಿನ ಹೆಸರು ಬೇಡ. ಹೆಸರು ಹೇಳಿದರೆ ನಾಳೆಯೇ ಒಂದು ಹೇಳಿಕೆ ಬರುತ್ತದೆ, ಅದರಲ್ಲಿ ‘ಉಜ್ವಲ ಪರಂಪರೆ’ ಎಂಬ ಮಾತಿರುತ್ತದೆ.

ಕಂಠೆಪ್ಪನ ತಾಯಿ ಚಂದವ್ವ ಬೀಳಗಿ ಕಡೆಯಿಂದ ಬಂದು ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ನಿಂತವಳು. ಕಟ್ಟಡ ಎಲ್ಲಿಯೋ ಅಲ್ಲಿ ಅವರ ತಗಡಿನ ಮನೆ. ಕಟ್ಟಡ ಮುಗಿದರೆ ತಗಡು ಬಿಚ್ಚಿ ಲಾರಿಗೆ ಹಾಕುವುದು, ಮುಂದಿನ ಪಾಯಾ ತೋಡುವಲ್ಲಿ ಇಳಿಸುವುದು. ಕಂಠೆಪ್ಪ ಬೆಳೆದ ಜಾಗಗಳೆಲ್ಲ ಇವತ್ತಿಗೂ ಫೋಂಡಾದಲ್ಲಿವೆ. ಅಲ್ಲೆಲ್ಲ ಈಗ ಬಾಲ್ಕನಿ ಬಂದಿದೆ, ಬಾಲ್ಕನಿಯಲ್ಲಿ ಬೇರೆಯವರ ಚಡ್ಡಿ ಒಣಗುತ್ತಿದೆ.

ಇಷ್ಟೆಲ್ಲ ತಿರುಗಾಟದ ನಡುವೆಯೂ ಅವನು ಹನ್ನೆರಡನೆಯದು ಪಾಸಾಗಿ ಬಿ.ಎ.ಗೆ ಸೇರಿದ. ಅದೇ ವರ್ಷ ಕಾಲೇಜು ತನ್ನ ಮೈದಾನದ ಅಂಚಿಗೆ ಪ್ರೇಕ್ಷಕರ ಗ್ಯಾಲರಿ ಕಟ್ಟಿಸಲು ಹೊರಟಿತು, ಆ ಕೆಲಸಕ್ಕೆ ಚಂದವ್ವನ ಗುಂಪೇ ಬಂತು. ತಾಯಿ ಮೈದಾನದ ಅಂಚಿನಲ್ಲಿ, ಮಗ ತರಗತಿಯಲ್ಲಿ. ರಜೆಯ ದಿನ ಇಬ್ಬರೂ ಅಂಚಿನಲ್ಲಿ.

ಅಂಥ ಒಂದು ರಜೆಯ ದಿನ ಕ್ರೀಡೆಯ ಉಸ್ತುವಾರಿ ಪ್ರಭುಗಾಂವ್ಕರ್ ಸರ್ ಅಲ್ಲಿ ಹಾದುಹೋದರು. ಅವರು ಕಲಿಸುವುದು ಅರ್ಥಶಾಸ್ತ್ರ, ಇಷ್ಟಪಡುವುದು ಕ್ರಿಕೆಟ್. ಕೊರಳಲ್ಲಿ ಸೀಟಿ ಇದ್ದುದರಿಂದ ಫುಟ್‌ಬಾಲ್ ಅವರ ಪಾಲಿಗೆ ಬಂದಿತ್ತು. ತಂಡದ ಹಳೆಯ ಗೋಲ್‌ಕೀಪರ್ ಕುವೈತಿಗೆ ಹೋಗಿದ್ದ. ಸರ್ ತಲೆ ಎತ್ತಿ ನೋಡಿದರೆ, ಮೇಲಿನಿಂದ ಖಾಲಿ ಕಬ್ಬಿಣದ ಬುಟ್ಟಿಗಳನ್ನು ಒಂದರ ಹಿಂದೆ ಒಂದು ಎಸೆಯುತ್ತಿದ್ದಾರೆ, ಕೆಳಗೆ ಒಬ್ಬ ಅವನ್ನೆಲ್ಲ ಗಾಳಿಯಲ್ಲೇ ಹಿಡಿಯುತ್ತಿದ್ದಾನೆ. ಒಂದೂ ನೆಲ ಮುಟ್ಟಲಿಲ್ಲ.

“ನೀನು ನಮ್ಮ ಫಸ್ಟ್ ಇಯರ್ ಅಲ್ಲವೋ?”

“ಹೌದ್ರಿ ಸರ್.”

“ಚೆಂಡು ಹಿಡಿಯುತ್ತೀಯಾ?”

“ಅದು ಭಾಳ ಹಗೂರ ಇರತೈತಲ್ರಿ?”

ತಂಡದಲ್ಲಿ ಇದ್ದಷ್ಟು ದಿನ ಹಾಸ್ಟೆಲಿನಲ್ಲಿ ಒಂದು ಮಂಚ ಪುಕ್ಕಟೆ. ಕಂಠೆಪ್ಪನಿಗೆ ಬೇಕಾದದ್ದು ಆ ಮಂಚ. ಚಂದವ್ವ ಬಂದು ಅದನ್ನು ಕೈಯಿಂದ ಒತ್ತಿ ನೋಡಿದಳು, ಬಗ್ಗಿ ಕಾಲುಗಳನ್ನೂ ನೋಡಿದಳು.

“ಇದು ಮುಂದ ಯಾವ ಊರಿಗೆ ಹೊಕ್ಕೈತೋ?”

“ಎಲ್ಲೂ ಹೋಗಂಗಿಲ್ಲಬೇ. ಇಲ್ಲೇ ಇರತೈತಿ.”

“ಹಂಗಾರ ನೀನೂ ಇಲ್ಲೇ ಇರು. ಗ್ಯಾಲರಿ ಮುಗೀತಂದ್ರ ನಮ್ಮ ತಗಡು ಡಿಚೋಲಿಗೆ ಹೊಕ್ಕೈತಿ. ನೀ ಒಬ್ಬಾದ್ರೂ ಒಂದ ಜಾಗಾದಾಗ ನಿಂದ್ರು, ಕಲತು ಮುಗಸು.”

ನಿಲ್ಲುವುದೇ ಗೋಲ್‌ಕೀಪರನ ಕೆಲಸ. ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದುಕೊಂಡ ಕಂಠೆಪ್ಪ.

ಮೊದಲ ಪಂದ್ಯದಲ್ಲಿ ಚೆಂಡು ಬೆಂಕಿಯ ಹಾಗೆ ಬಂತು. ಹಾರಿ ಹಿಡಿದ. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವುದರೊಳಗೆ ಅವನು ಸೊಂಟ ತಿರುಗಿಸಿ, ನೋಡದೆ, ಚೆಂಡನ್ನು ಎಡಕ್ಕೆ ಒಗೆದಾಗಿತ್ತು. ಅಲ್ಲಿ ಎದುರಾಳಿಯ ಒಬ್ಬ ಸುಮ್ಮನೆ ನಿಂತಿದ್ದ. ಇಂಥ ಉಡುಗೊರೆ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ಗೋಲು.

ಸ್ಲ್ಯಾಬ್ ಹಾಕುವುದನ್ನು ನೀವು ನೋಡಿರುತ್ತೀರಿ. ಸಾಲಾಗಿ ಜನ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಸಾಗಿಸುತ್ತಾರೆ. ಬಲಗಡೆಯವನಿಂದ ತೆಗೆದುಕೊಂಡದ್ದನ್ನು ಎಡಗಡೆಯವನಿಗೆ ಕೊಡಬೇಕು. ಇಟ್ಟುಕೊಳ್ಳುವಂತಿಲ್ಲ, ತಿರುಗಿ ನೋಡುವಂತಿಲ್ಲ. ನೋಡುತ್ತ ನಿಂತರೆ ಹಿಂದಿನ ಬುಟ್ಟಿ ಪಕ್ಕೆಲುಬಿಗೆ ಬಡಿಯುತ್ತದೆ. ಎಡಗಡೆ ಎರಡು ಕೈ ಇದ್ದೇ ಇರುತ್ತವೆ ಎಂಬ ನಂಬಿಕೆಯ ಮೇಲೆ ಮನೆಗಳು ಮೇಲೇಳುತ್ತವೆ. ಮೀಸೆ ಮೂಡುವ ಮೊದಲೇ ಕಂಠೆಪ್ಪನ ಮೈಗೆ ಹತ್ತಿದ ವಿದ್ಯೆ ಇದು.

ಫುಟ್‌ಬಾಲಿನಲ್ಲೂ ಎಡಗಡೆ ಒಬ್ಬ ಇರಬೇಕು. ಅವನಿಗೆ ಲೆಫ್ಟ್ ಬ್ಯಾಕ್ ಎನ್ನುತ್ತಾರೆ. ಆ ಕಾಲೇಜಿನ ಲೆಫ್ಟ್ ಬ್ಯಾಕು ಕ್ಯಾಪ್ಟನ್ ಅಗ್ನೆಲ್. ಅಗ್ನೆಲನಿಗೆ ತನ್ನ ಜಾಗದ ಮೇಲೆ ಮನಸ್ಸಿರಲಿಲ್ಲ. ಎದುರು ಗೋಲಿನ ಹಿಂದೆ ಗೋಡಂಬಿ ಮರದ ನೆರಳಿತ್ತು, ನೆರಳಿನಲ್ಲಿ ಬಿ.ಕಾಂ. ಹುಡುಗಿಯರು ಕೂರುತ್ತಿದ್ದರು. ಗೋಲು ತಡೆದವನನ್ನು ಯಾವ ಹುಡುಗಿ ತಿರುಗಿ ನೋಡಿದ್ದಾಳೆ? ಹೊಡೆದವನಾಗಬೇಕೆಂದು ಅಗ್ನೆಲ್ ಸದಾ ಆ ಕಡೆಗೇ ಓಡುತ್ತಿದ್ದ.

“ಏ ಘಾಟಿ!” ಎಂದು, ಗೋಲಾದ ಮೇಲೆ, ಅಗ್ನೆಲ್ ಅಲ್ಲಿಂದಲೇ ಕೂಗಿದ. ಘಟ್ಟದ ಮೇಲಿಂದ ಬಂದವರನ್ನು ಗೋವಾದಲ್ಲಿ ಹಂಗಿಸುವ ಮಾತದು. “ಚೆಂಡು ಯಾರಿಗೆ ಕೊಟ್ಟೆ ರೇ?”

ಕಂಠೆಪ್ಪ ಕೊಂಕಣಿಯನ್ನೂ ಬೀಳಗಿಯ ಧಾಟಿಯಲ್ಲೇ ಆಡುತ್ತಿದ್ದ. “ನಿನಗ ಕೊಟ್ಟೆ.”

“ನಾನು ಅಲ್ಲಿರಲೇ ಇಲ್ಲ!”

“ನಾನೂ ಅದನ್ನ ಹೇಳಾಕತ್ತೇನಿ.”

ಮುಂದಿನ ಪಂದ್ಯವೂ ಹೋಯಿತು. ಅದರ ಮುಂದಿನದೂ ಹೋಯಿತು. ಚಾಪೆಲಿನಲ್ಲಿ ಮೇಣದಬತ್ತಿ ಹಚ್ಚಿದರು, ಗಣಪತಿಗೆ ತೆಂಗಿನಕಾಯಿ ಒಡೆದರು, ಚಂದವ್ವ ಯಲ್ಲಮ್ಮನ ಹೆಸರಿನಲ್ಲಿ ಗೋಲಿನ ಕಂಬಕ್ಕೆ ಲಿಂಬೆಹಣ್ಣು ಕಟ್ಟಿದಳು. ಮೂರು ಕಡೆಯ ದೇವರು ಒಟ್ಟಿಗೆ ಬಂದರೂ ಲೆಫ್ಟ್ ಬ್ಯಾಕಿನ ಜಾಗ ತುಂಬಲಿಲ್ಲ.

ಕೊನೆಗೆ ಪ್ರಭುಗಾಂವ್ಕರ್ ಸರ್ ಒಂದು ಮದ್ದು ಕಂಡುಹಿಡಿದರು. “ಹಿಡಿದದ್ದನ್ನು ಬಿಡಬೇಡ. ಎದೆಗೆ ಅಪ್ಪಿಕೋ.” ಕಂಠೆಪ್ಪ ಅಪ್ಪಿಕೊಂಡ. ಕೈ ಎಡಕ್ಕೆ ಎಳೆಯುತ್ತಿತ್ತು, ಆದೇಶ ಎದೆಗೆ ಎಳೆಯುತ್ತಿತ್ತು. ಈ ಎಳೆದಾಟದಲ್ಲಿ ಚೆಂಡು ಹೊತ್ತುಕೊಂಡು ಆ ಕಡೆ ಈ ಕಡೆ ನಡೆದಾಡಿದ. ನೋಡುವವರು “ಬಾಣಂತಿ! ಬಾಣಂತಿ!” ಎಂದು ಕೂಗಿದರು. ಆಗಿನ ನಿಯಮದ ಪ್ರಕಾರ ಚೆಂಡು ಹಿಡಿದ ಗೋಲ್‌ಕೀಪರ್ ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ರೆಫರಿ ಸೀಟಿ ಊದಿದ, ಎದುರಾಳಿಗೆ ಫ್ರೀ ಕಿಕ್ ಕೊಟ್ಟ, ಅದೂ ಗೋಲಾಯಿತು.

“ಕೊನೇ ಪಂದ್ಯ ಒಂದು ಉಳಿದಿದೆ,” ಎಂದರು ಸರ್. “ಅದೂ ನಿನ್ನಿಂದ ಹೋದರೆ, ಮಂಚ ಬೇರೆಯವರಿಗೆ.”

ಆ ಪಂದ್ಯಕ್ಕೆ ಮುಂಚೆ ಒಂದು ಶ್ರಮದಾನ ನಡೆಯಿತು. ಶ್ರಮದಾನವೆಂದರೆ ಗೊತ್ತಲ್ಲ: ದಿನವೂ ಶ್ರಮ ಪಡುವವರನ್ನು ಬದಿಗೆ ಸರಿಸಿ, ಫೋಟೋ ತೆಗೆಯುವತನಕ ಬೇರೆಯವರು ಪಡುವುದು. ಗ್ಯಾಲರಿಯ ಸ್ಲ್ಯಾಬಿಗೆ ಫುಟ್‌ಬಾಲ್ ತಂಡವೂ ಕೈಜೋಡಿಸಿತು ಎಂದು ಪತ್ರಿಕೆಯಲ್ಲಿ ಬರಬೇಕೆಂಬುದು ಪ್ರಿನ್ಸಿಪಾಲರ ಆಸೆ. ಬಿಳಿ ಬೂಟು ಹಾಕಿಕೊಂಡ ಅಗ್ನೆಲನನ್ನು ಸಾಲಿನಲ್ಲಿ ಕಂಠೆಪ್ಪನ ಎಡಕ್ಕೇ ನಿಲ್ಲಿಸಿದರು.

ಬುಟ್ಟಿ ಬಂತು. ಕಂಠೆಪ್ಪ ತೆಗೆದುಕೊಂಡ, ಕೊಟ್ಟ. ಅಗ್ನೆಲ್ ಕ್ಯಾಮೆರಾ ನೋಡಿ ನಗುತ್ತಿದ್ದ. ಬುಟ್ಟಿ ನೆಟ್ಟಗೆ ಬಿಳಿ ಬೂಟಿನ ಮೇಲೆ ಇಳಿಯಿತು.

“ಆಯ್ ಸಾಯ್ಬಾ!” ಎಂದು ಅಗ್ನೆಲ್ ದೇವರನ್ನು ಕರೆದ.

ಚಂದವ್ವ ಓಡಿಬಂದಳು. ಮೊದಲು ಕಾಂಕ್ರೀಟ್ ಬಾಚಿದಳು, ಆಮೇಲೆ ಅಗ್ನೆಲನ ಕಾಲು ನೋಡಿದಳು. “ಕೈ ಎಲ್ಲಿಟ್ಟಿದ್ದಿ ಯಪ್ಪಾ? ಕಿಸೇದಾಗೇನು? ಅಂವಾ ನಿನ್ನ ನಂಬಿ ಕೊಡತಾನ, ನೀ ಹಲ್ಲ ತೋರಸ್ಕೋತ ನಿಂತಿ.”

ಬೀಳಗಿಯ ಕನ್ನಡ ಅಗ್ನೆಲನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಹೆಬ್ಬೆರಳು ಊದಿಕೊಂಡಿತ್ತು, ಅದಕ್ಕೆ ಎಲ್ಲ ತಿಳಿದಿತ್ತು. ಸಂಜೆ ಕುಂಟುತ್ತ ಹಾಸ್ಟೆಲಿಗೆ ಬಂದ, ಮಂಚದ ತುದಿಯಲ್ಲಿ ಕೂತ.

“ಅಂದರೆ ನೀನು ಬೇಕಂತ ಒಗೆಯುವುದಲ್ಲ.”

“ಅಲ್ಲ.”

“ಸರಿ. ಕೊನೇ ಪಂದ್ಯದಲ್ಲಿ ನಾನು ಅಲ್ಲೇ ಇರುತ್ತೇನೆ. ನೋಡದೇ ಒಗೆ.”

“ಖರೇನ?”

“ಆಣೆ ರೇ.”

ಕೊನೆಯ ಪಂದ್ಯದಲ್ಲಿ, ಮೊದಲರ್ಧ, ಆ ಮೈದಾನ ಹಿಂದೆಂದೂ ಕಾಣದ ಆಟ ಕಂಡಿತು. ಕಂಠೆಪ್ಪ ಹಿಡಿಯುವುದು, ನೋಡದೆ ಒಗೆಯುವುದು, ಅಗ್ನೆಲ್ ಅಲ್ಲಿರುವುದು. ಎದುರಾಳಿಗಳು ಹಿಂದೆ ಓಡುವಷ್ಟರಲ್ಲಿ ಚೆಂಡು ಅವರ ತಲೆ ದಾಟಿರುತ್ತಿತ್ತು. ಮುಗಿಯುತ್ತ ಬಂದಿದ್ದ ಗ್ಯಾಲರಿಯ ಕೆಳಗೆ ನಿಂತು ಕೆಲಸದವರೆಲ್ಲ ಸಿಳ್ಳೆ ಹೊಡೆದರು. ಪ್ರಭುಗಾಂವ್ಕರ್ ಸರ್ ತಮ್ಮ ತರಬೇತಿಯ ಬಗ್ಗೆ ಪಕ್ಕದವರಿಗೆ ವಿವರಿಸತೊಡಗಿದರು.

ಕೊನೆಯ ಕೆಲವು ನಿಮಿಷಗಳವರೆಗೂ ಎರಡೂ ಕಡೆ ಸೊನ್ನೆ. ಆಗ ಗೋಡಂಬಿ ಮರದ ಕೆಳಗಿಂದ ಯಾರೋ “ಅಗ್ನೆಲ್!” ಎಂದು ಕೂಗಿದರು. ದನಿ ಇಂಪಾಗಿತ್ತು. ಅಗ್ನೆಲ್ ಹೊರಟ. ಆ ಕಡೆಯಿಂದ ಚೆಂಡು ತಿರುಗಿ ಬಂತು. ಕಂಠೆಪ್ಪ ಹಾರಿ ಹಿಡಿದ. ಎಡಕ್ಕೆ ಒಗೆದ.

ಗೋಲು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಒಂದು ಕುರ್ಚಿಯಲ್ಲಿ ಪ್ರಿನ್ಸಿಪಾಲ್, ಇನ್ನೊಂದರಲ್ಲಿ ಸರ್, ಮೂರನೆಯದರಲ್ಲಿ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡ ಕ್ಯಾಪ್ಟನ್. ಕ್ಯಾಪ್ಟನ್‌ನ ಬಲಗಡೆ, ಕುರ್ಚಿಯಿಲ್ಲದೆ, ಕಂಠೆಪ್ಪ.

“ಅಗ್ನೆಲ್, ನೀನೇ ಹೇಳು,” ಎಂದರು ಪ್ರಿನ್ಸಿಪಾಲ್. “ತಪ್ಪು ಯಾರದು?”

ಕಂಠೆಪ್ಪ ಎಡಕ್ಕೆ ನೋಡಿದ. ಜೀವನದಲ್ಲಿ ಮೊದಲ ಸಲ, ಕೊಡುವ ಮುಂಚೆ ತಿರುಗಿ ನೋಡಿದ. ಅಗ್ನೆಲ್ ತಲೆ ಎತ್ತಿ ಫ್ಯಾನು ನೋಡುತ್ತಿದ್ದ. ಕರೆಂಟು ಹೋಗಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದ.

“ನೀ ಅಲ್ಲಿರತೇನಿ ಅಂದಿದ್ದಿ,” ಎಂದ ಕಂಠೆಪ್ಪ.

“ಹಿರಿಯರ ಮುಂದೆ ವಾದ ಬೇಡ,” ಎಂದರು ಸರ್.

ಮಂಚ ಹೋಯಿತು. ಗ್ಯಾಲರಿಯೂ ಮುಗಿದಿತ್ತು. ದಾನಿಗಳ ಹೆಸರಿನ ಅಮೃತಶಿಲೆ ಕೂರಿಸಿದ ದಿನವೇ ಚಂದವ್ವನ ತಗಡುಗಳು ಲಾರಿ ಹತ್ತಿದವು. ಕಂಠೆಪ್ಪ ಬಟ್ಟೆಯ ಗಂಟು ತಂದು ಅವುಗಳ ಮೇಲೆ ಇಟ್ಟ.

“ಮಂಚ ಎಲ್ಲೂ ಹೋಗಂಗಿಲ್ಲ ಅಂದಿದ್ದೆಲ್ಲೋ?”

“ಮಂಚ ಹೋಗಿಲ್ಲಬೇ. ನಾ ಹೊಂಟೇನಿ.”

ಡಿಚೋಲಿ ಆಯಿತು, ವಾಳಪೈ ಆಯಿತು. ಬಿ.ಎ. ಆಗಲಿಲ್ಲ. ತೊಂಬತ್ತರ ದಶಕದಲ್ಲಿ, ಗೋವಾದ ಗದ್ದೆಗಳೆಲ್ಲ ಫ್ಲ್ಯಾಟು ಬೆಳೆಯತೊಡಗಿದಾಗ, ಕಂಠೆಪ್ಪ ತನ್ನದೇ ಒಂದು ಗುಂಪು ಕಟ್ಟಿ ಅದರ ಮುಕಾದಮನಾದ. ಅವನ ಗುಂಪಿನಲ್ಲಿ ಒಂದು ಪದ್ಧತಿ ಇತ್ತು, ಬೇರೆ ಯಾರ ಗುಂಪಿನಲ್ಲೂ ಇಲ್ಲದ್ದು. ಮೊದಲ ಬುಟ್ಟಿ ಎತ್ತುವ ಮುಂಚೆ ಅವನು ಕೂಗುತ್ತಿದ್ದ: “ಎಡಕ ಯಾರದೀರಿ?” ಸಾಲಿನಲ್ಲಿ ನಿಂತ ಒಬ್ಬೊಬ್ಬರೂ “ಅದೇನಿ”, ಅಂದರೆ ಇಲ್ಲೇ ಇದ್ದೇನೆ, ಎನ್ನಬೇಕು. ಕೊನೆಯ ‘ಅದೇನಿ’ ಕೇಳುವತನಕ ಬುಟ್ಟಿ ಏಳುತ್ತಿರಲಿಲ್ಲ. ಕಂತ್ರಾಟುದಾರರು ಇದನ್ನು ಹುಚ್ಚು ಎಂದರು. ಅವನ ಸಾಲಿನಲ್ಲಿ ಯಾರ ಕಾಲ ಮೇಲೂ ಬುಟ್ಟಿ ಬೀಳದ್ದನ್ನು ನೋಡಿ ಬಾಯಿ ಮುಚ್ಚಿದರು.

ತೊಂಬತ್ತೇಳರಲ್ಲಿ ಫೋಂಡಾದಲ್ಲೇ ಒಂದು ಬಂಗಲೆಯ ಸ್ಲ್ಯಾಬ್. ಮನೆಯ ಯಜಮಾನ ಕಾರಿನಿಂದ ಇಳಿದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು.

“ಅರೇ, ನಮ್ಮ ಗೋಲ್‌ಕೀಪರ್!” ಎಂದ ಅಗ್ನೆಲ್, ಕಂತ್ರಾಟುದಾರನ ಬೆನ್ನು ತಟ್ಟಿ. “ಗೊತ್ತೇನ್ರೀ? ಆ ವರ್ಷ ಎಲ್ಲಾ ಪಂದ್ಯ ಸೋಲಿಸಿದವನು ಇವನೇ!”

ಕಂತ್ರಾಟುದಾರ ನಕ್ಕ. ನಗುವುದೂ ಅವನ ಕಂತ್ರಾಟಿನಲ್ಲಿತ್ತು. ಕಂಠೆಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು ಸಾಲಿನ ಕಡೆ ತಿರುಗಿದ.

“ಎಡಕ ಯಾರದೀರಿ?”

“ಅದೇನಿ.”

“ಅದೇನಿ.”

“ನಾ ಅದೇನ್ರಿ ಅಣ್ಣಾ.”

ಕೂಗು ಸಾಲಿನುದ್ದಕ್ಕೂ ಹೋಗಿ ಮೇಲೆ ಮುಟ್ಟಿತು. ಆಮೇಲೆ ಕಂಠೆಪ್ಪ ಅಗ್ನೆಲನನ್ನು ನೋಡಿದ. ಅಗ್ನೆಲ್ ನಗು ನಿಲ್ಲಿಸಿ ತಲೆ ಎತ್ತಿದ. ಸ್ಲ್ಯಾಬೇ ಇನ್ನೂ ಬಿದ್ದಿರಲಿಲ್ಲ, ಫ್ಯಾನು ಎಲ್ಲಿಂದ ಬರಬೇಕು? ಬರೀ ಆಕಾಶ.

ಓದಿ ನಕ್ಕಿರಲ್ಲ, ಈಗ ನಿಮ್ಮ ಮಾತು. ನಿಮ್ಮ ಆಫೀಸಿನಲ್ಲೂ ಅಂಥ ಒಂದು ಕೋಣೆಯಿದೆ, ಅಲ್ಲಿ ನಿಮಗೆ ಕುರ್ಚಿಯಿದೆ, ನಿಮ್ಮ ಬಲಗಡೆ ಕುರ್ಚಿಯಿಲ್ಲದವನೊಬ್ಬ ನಿಂತಿದ್ದಾನೆ. ತಪ್ಪು ಯಾರದು ಎಂದು ಕೇಳುತ್ತಾರೆ, ಯಾರದೆಂದು ನಿಮಗೆ ಗೊತ್ತು. ಆ ಹಾಳು ಫ್ಯಾನು ನೋಡುವುದನ್ನು ಬಿಡಿ. ಅವನ ಮಂಚ ಹೋಗುವ ಮುಂಚೆ ಬಾಯಿ ತೆರೆದು ‘ಅದೇನಿ’ ಅನ್ನಿ.